ಲೋಟದ ಬಾಯಿ ಎಷ್ಟು ದುಂಡಗಿದೆ?

ಇವತ್ತಿನ ಮಾತು ಚಿತ್ರ ಬರೆಯಲು ಕಲಿಯುವ ಬಗ್ಗೆ. ಮುಖ್ಯವಾಗಿ ದೊಡ್ಡವರಿಗೆ. ಶಾಲೆ ಬಿಟ್ಟ ಮೇಲೆ ಪೆನ್ಸಿಲ್ ಮುಟ್ಟದವರಿಗೆ, ‘ನನಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರೋದಿಲ್ಲ’ ಎಂದು ತಮ್ಮ ಮೇಲೆ ತಾವೇ ತೀರ್ಪು ಬರೆದುಕೊಂಡವರಿಗೆ. ಬಾನುಲಿಯಲ್ಲಿ ನಾನು ಏನನ್ನೂ ಬರೆದು ತೋರಿಸಲಾರೆ ನಿಜ. ಆದರೆ ಮೊದಲ ಪಾಠಕ್ಕೆ ನನ್ನ ಚಿತ್ರದ ಅಗತ್ಯ ಇಲ್ಲ. ನಿಮ್ಮ ಅಡುಗೆಮನೆಯ ಒಂದು ಲೋಟ ಸಾಕು. ಯಾರಾದರೂ ಒಬ್ಬರು ಎದ್ದು ಹೋಗಿ ತಂದುಬಿಡಿ. ಜೊತೆಗೆ ಒಂದು ಪೆನ್ಸಿಲ್, ಒಂದು ಹಾಳೆ. ಹಾಳೆ ಮಕ್ಕಳ ಹಳೆಯ ನೋಟ್‌ಪುಸ್ತಕದ್ದಾದರೂ ನಡೆಯುತ್ತದೆ.

ಮೊದಲು ಲೋಟವನ್ನು ಬೆನ್ನ ಹಿಂದೆ ಇಟ್ಟು, ನೆನಪಿನಿಂದಲೇ ಅದರ ಚಿತ್ರ ಬರೆಯಿರಿ. ಒಂದು ನಿಮಿಷದ ಕೆಲಸ. ಬರೆದದ್ದರಲ್ಲಿ ಬಹುಶಃ ಇಷ್ಟಿರುತ್ತದೆ: ಮೇಲೆ ದುಂಡನೆಯ ಒಂದು ಬಾಯಿ, ಎರಡು ಬದಿಗೆ ಎರಡು ಗೆರೆ, ಕೆಳಗೆ ಸ್ಕೇಲ್ ಇಟ್ಟು ಎಳೆದಂಥ ನೇರವಾದ ತಳ. ನಾನು ಸಂಜೆ ಹೊತ್ತು ದೊಡ್ಡವರಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಮೊದಲ ದಿನ ನಮ್ಮಲ್ಲಿ ಹುಟ್ಟುವ ಲೋಟಗಳು ಹೆಚ್ಚುಕಡಿಮೆ ಎಲ್ಲವೂ ಈ ಒಂದೇ ಅಚ್ಚಿನವು. ಎಂಜಿನಿಯರ್ ಬರೆದರೂ ಹಾಗೇ, ಹೊಲಿಗೆ ಕೆಲಸದವರು ಬರೆದರೂ ಹಾಗೇ.

ಈಗ ಲೋಟವನ್ನು ಕೈಯಲ್ಲಿ ಹಿಡಿದು, ತೋಳು ಚಾಚಿ, ಅದರ ಅಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತಿ. ಒಂದು ಕಣ್ಣು ಮುಚ್ಚಿ. ಬಾಯಿ ಎಲ್ಲಿ ಹೋಯಿತು? ಕಾಣುವುದೇ ಇಲ್ಲ. ಅಂಚು ಬರೀ ಒಂದು ನೇರ ಗೆರೆಯಾಗಿದೆ. ಮೆಲ್ಲಗೆ ಕೆಳಗಿಳಿಸಿ. ಗೆರೆ ಬಿರಿದು, ತೆಳ್ಳಗೆ, ಅಡ್ಡಡ್ಡಕ್ಕೆ ಉದ್ದವಾದ ಒಂದು ಆಕಾರ ತೆರೆದುಕೊಳ್ಳುತ್ತದೆ. ಗಣಿತದ ಪುಸ್ತಕದಲ್ಲಿ ದೀರ್ಘವೃತ್ತ ಅನ್ನುತ್ತಾರಲ್ಲ, ಅದು. ಇನ್ನೂ ಇಳಿಸುತ್ತ ಹೋದಂತೆ ಅದು ತುಂಬಿಕೊಳ್ಳುತ್ತದೆ. ಲೋಟವನ್ನು ಪಾದದ ಹತ್ತಿರ ನೆಲದ ಮೇಲಿಟ್ಟು, ನೇರ ಮೇಲಿನಿಂದ ಬಗ್ಗಿ ನೋಡಿದಾಗ ಮಾತ್ರ ಬಾಯಿ ಪೂರ್ತಿ ದುಂಡಗೆ ಕಾಣುತ್ತದೆ. ದುಂಡಗಿದೆ ಎಂಬುದು ನಮಗೆ ಗೊತ್ತಿರುವ ಸಂಗತಿ. ಕೂತಲ್ಲಿಂದ ಕಾಣುತ್ತಿರುವ ಸಂಗತಿ ಬೇರೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಲೋಟವನ್ನು ಮೇಜಿನ ಮೇಲಿಟ್ಟು ಎದುರಿಗೆ ಕುಳಿತುಕೊಳ್ಳಿ. ತಳವನ್ನು ನೋಡಿ. ಬಾಯಿಗಿಂತ ತಳ ನಿಮ್ಮ ಕಣ್ಣಿನ ಮಟ್ಟದಿಂದ ಇನ್ನಷ್ಟು ಕೆಳಗಿದೆ. ಹಾಗಾಗಿ, ಅದರ ಅಗಲಕ್ಕೆ ಹೋಲಿಸಿದರೆ, ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ತುಂಬಿರಬೇಕು. ನಾವು ಬರೆದದ್ದೋ ನೇರ ಗೆರೆ. ಯಾಕೆ ಹೀಗಾಯಿತು? ಮೇಜು ಚಪ್ಪಟೆ, ಲೋಟ ಅಲುಗಾಡದೆ ಅದರ ಮೇಲೆ ಕೂತಿದೆ, ಅಂದ ಮೇಲೆ ತಳವೂ ಚಪ್ಪಟೆ ಎಂದು ಬುದ್ಧಿ ಹೇಳಿತು. ಕೈ ಅದನ್ನೇ ಬರೆಯಿತು. ಕಣ್ಣನ್ನು ಯಾರೂ ಕೇಳಲಿಲ್ಲ.

ಈ ಒಂದು ಮಾತನ್ನು ಹೇಳಬೇಕೆಂದೇ ನಾನು ಇಲ್ಲಿಗೆ ಬಂದಿದ್ದೇನೆ. ಚಿತ್ರ ಬರುವುದಿಲ್ಲ ಎನ್ನುವವರ ಕೈಯಲ್ಲಿ ಯಾವ ಊನವೂ ಇರುವುದಿಲ್ಲ. ಕನ್ನಡದ ‘ಋ’ ಅಕ್ಷರವನ್ನು ಒಮ್ಮೆ ಬರೆದು ನೋಡಿ. ಎಷ್ಟು ಸುತ್ತು, ಎಷ್ಟು ತಿರುವು, ಎಲ್ಲಿ ನಿಲ್ಲಬೇಕು, ಎಲ್ಲಿ ಒಳಕ್ಕೆ ಹೊರಳಬೇಕು! ಅದನ್ನು ಯೋಚನೆಯೇ ಇಲ್ಲದೆ ಬರೆಯುವ ಕೈಗೆ ಲೋಟದ ಅಂಚು ಬರೆಯುವ ಶಕ್ತಿ ಧಾರಾಳವಾಗಿದೆ. ಕಲಿಯಬೇಕಾದದ್ದು ಕಣ್ಣು. ಕಣ್ಣು ಕಲಿಯುತ್ತದೆ, ಯಾವ ವಯಸ್ಸಿನಲ್ಲೂ ಕಲಿಯುತ್ತದೆ. ಇದನ್ನು ನಾನು ಹುರಿದುಂಬಿಸಲಿಕ್ಕಾಗಿ ಹೇಳುತ್ತಿಲ್ಲ. ವರ್ಷಗಟ್ಟಲೆ ಎದುರಿಗೆ ಕಂಡದ್ದನ್ನು ಹೇಳುತ್ತಿದ್ದೇನೆ.

ನಮ್ಮ ತರಗತಿಗೆ ಒಬ್ಬ ಹಿರಿಯ ಹೆಣ್ಣುಮಗಳು ಬಂದಿದ್ದರು. ಮೊಮ್ಮಗಳನ್ನು ಸೇರಿಸಲು ಬಂದವರು. ‘ನೀವೂ ಕೂತ್ಕೊಳ್ಳಿ ಅಮ್ಮ’ ಅಂದೆ. ‘ಅಯ್ಯೋ, ನನಗೆಲ್ಲಿ ಬರುತ್ತೆ ಮೇಷ್ಟ್ರೇ, ಆ ಕೈಯೇ ಇಲ್ಲ ನನಗೆ’ ಅಂದರು. ‘ಮನೆ ಮುಂದೆ ರಂಗೋಲಿ ಯಾರು ಹಾಕ್ತಾರೆ?’ ಎಂದು ಕೇಳಿದೆ. ‘ಅದು ನಾನೇ. ಮದುವೆಯಾಗಿ ಬಂದಾಗಿಂದ ನಾನೇ.’ ಬಗ್ಗಿ ನಿಂತು, ಹೆಬ್ಬೆರಳು ತೋರುಬೆರಳಿನ ಸಂದಿಯಿಂದ ಪುಡಿಯನ್ನು ಒಂದೇ ಸಮ ಬಿಡುತ್ತ, ಸಾಲು ತಪ್ಪದೆ ಚುಕ್ಕಿ ಇಟ್ಟು, ಒಂದು ಎಳೆಯನ್ನು ಎಲ್ಲೂ ಕಡಿಯದೆ ಸುತ್ತಿ ತಂದು ಹೊರಟಲ್ಲಿಗೇ ಸೇರಿಸುವ ಕೈ ಅದು. ಆ ಕೈಗೆ ‘ಚಿತ್ರದ ಕೈ’ ಎಂಬ ಹೆಸರು ಸಿಕ್ಕಿರಲಿಲ್ಲ, ಅಷ್ಟೇ. ಮಲೆನಾಡಿನ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುವುದನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ, ನೂಲು ಹಿಡಿದಷ್ಟು ನೇರವಾದ ಎಳೆ ಎಳೆಯುತ್ತಾರೆ. ಅವರ ಕೈಗೆ ಸ್ಕೇಲಿನ ಹಂಗಿಲ್ಲ.

ಚುಕ್ಕಿ ಇಡುವುದರಲ್ಲಿ ಒಂದು ದೊಡ್ಡ ಉಪಾಯವೂ ಅಡಗಿದೆ. ಖಾಲಿ ಅಂಗಳದ ಮೇಲೆ ಒಮ್ಮೆಲೇ ದೊಡ್ಡ ಆಕಾರ ಬರೆಯುವುದು ಕಷ್ಟ. ಚುಕ್ಕಿ ಇಟ್ಟರೆ, ಈ ಚುಕ್ಕಿಯಿಂದ ಆ ಚುಕ್ಕಿಗೆ ಎಷ್ಟು ದೂರ, ಎಷ್ಟು ಓರೆ ಎಂದು ಮಾತ್ರ ನೋಡಿಕೊಂಡರಾಯಿತು. ಇದೇ ಉಪಾಯವನ್ನು ಬೇರೆ ದಾರಿಯಿಂದ ತಲುಪಿದವರಲ್ಲಿ ವಿನ್ಸೆಂಟ್ ವ್ಯಾನ್ ಗೋ ಕೂಡ ಒಬ್ಬ. ಅವನ ಬದುಕಿನ ಈ ಭಾಗವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಕಿವಿ ಕತ್ತರಿಸಿಕೊಂಡದ್ದು ಎಲ್ಲರಿಗೂ ಗೊತ್ತು, ಕಲಿತದ್ದು ಗೊತ್ತಿಲ್ಲ.

1853ರಲ್ಲಿ ಹುಟ್ಟಿದ ಆತ ಕಲಾವಿದನಾಗಬೇಕೆಂದು ನಿಶ್ಚಯಿಸಿದ್ದು 1880ರಲ್ಲಿ, 27ನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಚಿತ್ರ ಮಾರುವ ಮಳಿಗೆಯಲ್ಲಿ ನೌಕರಿ ಮಾಡಿದ್ದ, ಶಾಲೆಯಲ್ಲಿ ಪಾಠ ಹೇಳಿದ್ದ, ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ನಡುವೆ ಧರ್ಮಬೋಧನೆ ಮಾಡಿದ್ದ. ಆ ಗಣಿಯ ಸೀಮೆಯಲ್ಲೇ ಕೂತು, ಶಾರ್ಲ್ ಬಾರ್ಗ್ ಎಂಬುವನು ಮಾಡಿದ್ದ ಡ್ರಾಯಿಂಗ್ ಪಾಠದ ಹಾಳೆಗಳನ್ನು ತರಿಸಿಕೊಂಡು ನಕಲು ಮಾಡಲು ತೊಡಗಿದ. ಇದ್ದಿಲಿನಲ್ಲಿ ಮಾಡುವ ಅಭ್ಯಾಸದ ಹಾಳೆಗಳೇ 60. ಆತನ ಆ ಕಾಲದ ಚಿತ್ರಗಳನ್ನು ನೋಡಿ. ಮನುಷ್ಯರು ಬಿಗಿದುಕೊಂಡು ನಿಂತಿದ್ದಾರೆ, ಕೈಕಾಲುಗಳ ಅಳತೆ ತಪ್ಪಿದೆ. ಅವನ್ನು ನೋಡಿ ನನ್ನ ವಿದ್ಯಾರ್ಥಿಗಳ ಮುಖ ಅರಳುವುದನ್ನು ಕಂಡಿದ್ದೇನೆ. 1882ರಲ್ಲಿ, ಹೇಗ್ ನಗರದಲ್ಲಿದ್ದಾಗ, ಆತ ಒಂದು ಚೌಕಟ್ಟು ಮಾಡಿಸಿಕೊಂಡ. ಅದರಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು, ಮೂಲೆಯಿಂದ ಮೂಲೆಗೆ ಎರಡು ಎಳೆ. ಸಮುದ್ರದ ದಂಡೆಯಲ್ಲಿ ಅದನ್ನು ಗೂಟಕ್ಕೆ ಸಿಕ್ಕಿಸಿ ನಿಲ್ಲಿಸಿ, ಅದರೊಳಗಿಂದ ನೋಡಿ ಬರೆಯುತ್ತಿದ್ದ. ದೋಣಿಯ ಪಟಸ್ತಂಭ ಯಾವ ಎಳೆಯನ್ನು ಎಲ್ಲಿ ದಾಟುತ್ತದೆ, ದಿಗಂತ ಎಷ್ಟು ಎತ್ತರದಲ್ಲಿದೆ ಎನ್ನುವುದು ಆಗ ಊಹೆಗೆ ಬಿಟ್ಟದ್ದಲ್ಲ. ಇನ್ನೊಂದು ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ತೀರಿಕೊಂಡ ವರ್ಷವೇ, 1890ರಲ್ಲಿ, ಇವತ್ತು ಲೋಕವೆಲ್ಲ ಕೊಂಡಾಡುವ ಚಿತ್ರಗಳನ್ನು ಬರೆದಾದ ಮೇಲೂ, ಆತ ಅದೇ ಬಾರ್ಗ್ ಅಭ್ಯಾಸದ ಹಾಳೆಗಳನ್ನು ಕಳಿಸಿಕೊಡೆಂದು ತಮ್ಮ ಥಿಯೋಗೆ ಕಾಗದ ಬರೆದ. ಮೊದಲ ಪಾಠಕ್ಕೆ ಮತ್ತೆ ಹೋಗಬೇಕೆನಿಸಿತ್ತು ಆತನಿಗೆ.

ನಿಮಗೆ ಚೌಕಟ್ಟು ಬೇಡ. ಪೆನ್ಸಿಲೇ ಅಳತೆಗೋಲು. ತೋಳನ್ನು ಪೂರ್ತಿ ಚಾಚಿ. ಮೊಣಕೈ ಮಡಿಸಬಾರದು, ಮಡಿಸಿದರೆ ಒಂದೊಂದು ಸಲ ಒಂದೊಂದು ಅಳತೆ ಬರುತ್ತದೆ. ಒಂದು ಕಣ್ಣು ಮುಚ್ಚಿ. ಪೆನ್ಸಿಲಿನ ತುದಿ ಲೋಟದ ಒಂದು ಅಂಚಿಗೆ ತಾಗಿದಂತೆ ಕಾಣಲಿ, ಇನ್ನೊಂದು ಅಂಚು ಬರುವಲ್ಲಿ ಹೆಬ್ಬೆರಳಿನ ಉಗುರಿಟ್ಟು ಹಿಡಿಯಿರಿ. ಅದು ಬಾಯಿಯ ಅಗಲ. ಉಗುರು ಕದಲಿಸದೆ ಪೆನ್ಸಿಲನ್ನು ಉದ್ದಕ್ಕೆ ತಿರುಗಿಸಿ, ಆ ಅಗಲ ಲೋಟದ ಎತ್ತರದಲ್ಲಿ ಎಷ್ಟು ಸಲ ಹಿಡಿಸುತ್ತದೆ ನೋಡಿ. ಒಂದೂವರೆ? ಒಂದೂಮುಕ್ಕಾಲು? ಹಾಳೆಯ ಮೇಲೂ ಅದೇ ಲೆಕ್ಕ ಇರಬೇಕು. ಚಿತ್ರ ದೊಡ್ಡದಿರಲಿ ಚಿಕ್ಕದಿರಲಿ, ಈ ಲೆಕ್ಕ ಬದಲಾಗದು. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಿದವರು ನಮ್ಮ ಕೇಳುಗರಲ್ಲಿ ಇದ್ದೇ ಇರುತ್ತೀರಿ, ನಿಮಗೆ ಈ ಕ್ರಮ ನೆನಪಿರಬಹುದು.

ಹಾಳೆ ಇಡುವ ರೀತಿಯಲ್ಲೂ ಒಂದು ಗುಟ್ಟಿದೆ. ಮೇಜಿನ ಮೇಲೆ ಹಾಳೆಯನ್ನು ಮಲಗಿಸಿ ಬರೆದರೆ, ಅದರ ಮೇಲಿನ ಭಾಗ ಕಣ್ಣಿನಿಂದ ದೂರ, ಕೆಳಗಿನ ಭಾಗ ಹತ್ತಿರ. ಗೊತ್ತಿಲ್ಲದಂತೆ ಚಿತ್ರದ ತಲೆ ಹಿಗ್ಗಿಹೋಗುತ್ತದೆ. ಗೋಡೆಗೆ ಎತ್ತಿ ಹಿಡಿದು ನೋಡಿದಾಗ, ಬರೆಯುವಾಗ ಸರಿಯಾಗಿದ್ದದ್ದು ಈಗ ಹೇಗೆ ಸೊಟ್ಟಗಾಯಿತು ಎಂದು ಕಂಗಾಲಾಗುತ್ತೀರಿ. ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ಪ್ಯಾಡ್ ಇರುತ್ತದಲ್ಲ, ಅದನ್ನು ತೊಡೆಯ ಮೇಲೆ ನಿಲ್ಲಿಸಿ ಮೇಜಿಗೆ ಒರಗಿಸಿಕೊಳ್ಳಿ. ತೊಂದರೆಯ ಬಹುಪಾಲು ಅಲ್ಲಿಗೆ ಮುಗಿಯುತ್ತದೆ.

ಸಾಮಾನಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಲಾರೆ. ಒಂದು ಎಚ್‌ಬಿ, ಒಂದು 2ಬಿ, ಒಂದು 6ಬಿ ಪೆನ್ಸಿಲ್ ಇದ್ದರೆ ಬಹಳ ದಿನ ಬರುತ್ತದೆ. 1795ರಲ್ಲಿ, ಇಂಗ್ಲೆಂಡಿನೊಡನೆ ಯುದ್ಧವಿದ್ದು ಒಳ್ಳೆಯ ಗ್ರಾಫೈಟ್ ಸಿಗದೆ ಹೋದಾಗ, ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡುವ ದಾರಿ ಕಂಡುಹಿಡಿದ. ಇವತ್ತಿನ ಪೆನ್ಸಿಲ್ಲೂ ಅದೇ. ಮಣ್ಣು ಹೆಚ್ಚಾದಷ್ಟು ಕಡ್ಡಿ ಗಡುಸು, ಗೆರೆ ತೆಳು. ಗ್ರಾಫೈಟ್ ಹೆಚ್ಚಾದಷ್ಟು ಮೆದು, ಕಪ್ಪು ಗಾಢ. 36 ಬಣ್ಣದ ಡಬ್ಬಿ, ಸ್ಟ್ಯಾಂಡು, ದುಬಾರಿ ಪುಸ್ತಕ ಇವನ್ನೆಲ್ಲ ಮೊದಲ ವಾರವೇ ತರಬೇಡಿ. ದುಬಾರಿ ಹಾಳೆಯ ಮುಂದೆ ಕೈ ಹೆದರುತ್ತದೆ. ಹೆದರಿದ ಕೈಯಿಂದ ಗೆರೆ ತುಂಡುತುಂಡಾಗಿ ಬರುತ್ತದೆ.

ರಬ್ಬರ್ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ತಪ್ಪಿದ ತಕ್ಷಣ ರಬ್ಬರ್‌ಗೆ ಕೈ ಹಾಕಬೇಡಿ. ಮೊದಲ ಗೆರೆಗಳನ್ನು ಹಗುರಾಗಿ, ಕಂಡೂ ಕಾಣದಷ್ಟು ತೆಳ್ಳಗೆ ಎಳೆಯಿರಿ. ತಪ್ಪೆನಿಸಿದರೆ ಆ ಗೆರೆಯನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಸರಿಯಾದ ಗೆರೆ ಎಳೆಯಿರಿ. ತಪ್ಪು ಗೆರೆ ಎದುರಿಗಿದ್ದರೆ ಸರಿಯಾದದ್ದು ಅದಕ್ಕಿಂತ ಒಳಗಿರಬೇಕೋ ಹೊರಗಿರಬೇಕೋ ಎಂದು ತೋರುತ್ತದೆ. ಅಳಿಸಿಬಿಟ್ಟರೆ ಅದೇ ಜಾಗದಲ್ಲಿ ಅದೇ ತಪ್ಪು ಮತ್ತೆ ಬೀಳುತ್ತದೆ. ನನ್ನ ಎದುರಿಗೆ ಎಷ್ಟೋ ಜನ ಒಂದೇ ತಪ್ಪನ್ನು ಅಳಿಸಿ ಅಳಿಸಿ ಬರೆದು ಹಾಳೆ ಸವೆಸಿದ್ದಾರೆ. ಎಲ್ಲ ಮುಗಿದ ಮೇಲೆ ಚಿತ್ರವನ್ನು ಕನ್ನಡಿಗೆ ಹಿಡಿಯಿರಿ. ಎಡ ಬಲವಾಗಿ, ಬಲ ಎಡವಾಗಿ ಕಾಣುವಾಗ, ಅಲ್ಲಿಯವರೆಗೆ ಒಗ್ಗಿಹೋಗಿದ್ದ ವಾಲು ತಟ್ಟನೆ ಕಣ್ಣಿಗೆ ಹೊಡೆಯುತ್ತದೆ.

ಬುದ್ಧಿಯ ಬಾಯಿ ಮುಚ್ಚಿಸಿ ಕಣ್ಣಿಗೆ ಕೆಲಸ ಕೊಡಲು ಕಲಾಶಿಕ್ಷಕರು ಹಲವು ದಾರಿ ಹುಡುಕಿದ್ದಾರೆ. ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಕೀಮನ್ ನಿಕೊಲೈಡೀಸ್ ಎಂಬುವರ ಪುಸ್ತಕ, ಅವರು ತೀರಿಕೊಂಡ ಮೇಲೆ, 1941ರಲ್ಲಿ ಅಚ್ಚಾಯಿತು. ವಸ್ತುವಿನ ಅಂಚಿನ ಮೇಲೆ ಕಣ್ಣಿಟ್ಟು, ಪೆನ್ಸಿಲಿನ ಮೊನೆ ಅದೇ ಅಂಚನ್ನು ಮುಟ್ಟುತ್ತ ಹರಿದಾಡುತ್ತಿದೆ ಎಂದು ನಂಬಿ, ಹಾಳೆಯ ಕಡೆ ನೋಡದೆ ನಿಧಾನವಾಗಿ ಬರೆಯುವ ಅಭ್ಯಾಸ ಅದರಲ್ಲಿದೆ. ನಿಮ್ಮ ಎಡಗೈಯನ್ನೇ ಎದುರಿಗಿಟ್ಟುಕೊಂಡು ಮಾಡಿ. ಬರುವ ಚಿತ್ರ ಕೈಯಂತೆ ಇರುವುದಿಲ್ಲ. ಆದರೆ ಅದರಲ್ಲಿ ಒಂದು ಬೆರಳ ಗೆಣ್ಣಿನ ಸುಕ್ಕು, ಉಗುರಿನ ಬುಡ ಚರ್ಮದೊಳಗೆ ಇಳಿಯುವ ಜಾಗ, ಇಂಥದ್ದೇನೋ ಒಂದು ಜೀವಂತವಾಗಿ ಬಂದಿರುತ್ತದೆ. ಬರೆದದ್ದು ಅಷ್ಟೇ ಆದರೂ, ಆ ಹೊತ್ತು ಕಣ್ಣು ದುಡಿದಿರುತ್ತದೆ.

ಅಮೆರಿಕದ ಬೆಟ್ಟಿ ಎಡ್ವರ್ಡ್ಸ್ 1979ರಲ್ಲಿ ಬರೆದ ಪುಸ್ತಕದಲ್ಲಿ, ಮೂಲಚಿತ್ರವನ್ನೇ ತಲೆಕೆಳಗಾಗಿ ಇಟ್ಟು ನಕಲು ಮಾಡಿಸುತ್ತಾರೆ. ತಲೆಕೆಳಗಾದಾಗ ಇದು ಮೂಗು, ಇದು ಕುರ್ಚಿಯ ಕಾಲು ಎಂದು ಬುದ್ಧಿ ಹೆಸರಿಡಲಾರದು. ಉಳಿಯುವುದು ಗೆರೆ, ಬಾಗು, ಅಂತರ. ಮೆದುಳಿನ ಬಲಭಾಗ ಎಡಭಾಗ ಎಂದು ಅವರು ಹೇಳುವ ಕಾರಣವನ್ನು ಮೆದುಳಿನ ಶಾಸ್ತ್ರದವರು ಈಗ ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಕಾರಣ ಏನೇ ಇರಲಿ, ಅಭ್ಯಾಸ ಫಲ ಕೊಡುತ್ತದೆ ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಇದೇ ಜಾತಿಯ ಇನ್ನೊಂದು ಅಭ್ಯಾಸ: ಕುರ್ಚಿಯನ್ನು ಬರೆಯುವ ಬದಲು ಕುರ್ಚಿಯ ಸಂದಿಗಳನ್ನು ಬರೆಯುವುದು. ಕಾಲುಗಳ ನಡುವೆ ಕಾಣುವ ಗೋಡೆಯ ತುಂಡು ಯಾವ ಆಕಾರದ್ದು? ಅದನ್ನು ಬರೆಯಿರಿ. ಬೆನ್ನೊರಗಿನ ಪಟ್ಟಿಗಳ ಸಂದಿಯ ಆಕಾರ ಬರೆಯಿರಿ. ಸಂದಿಗಳೆಲ್ಲ ಸರಿಯಾಗಿ ಕೂತರೆ ಕುರ್ಚಿ ತಾನಾಗಿ ಎದ್ದು ನಿಲ್ಲುತ್ತದೆ.

ಮುಖ ಬರೆಯುವ ಆಸೆ ಎಲ್ಲರಿಗೂ. ಮನೆಯಲ್ಲಿ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ಇರುತ್ತದೆ, ತೆಗೆದುಕೊಂಡು ಸ್ಕೇಲ್ ಇಟ್ಟು ನೋಡಿ. ನೆತ್ತಿಯಿಂದ ಗದ್ದಕ್ಕೆ ಇರುವ ಅಂತರದ ನಟ್ಟನಡುವೆ, ಹೆಚ್ಚುಕಡಿಮೆ ಸರಿಯಾಗಿ ಅರ್ಧಕ್ಕೆ, ಕಣ್ಣುಗಳಿವೆ. ಹೊಸಬರು ಕಣ್ಣನ್ನು ಬಹಳ ಮೇಲಕ್ಕೆ, ಹಣೆಯ ಜಾಗದಲ್ಲಿ ಕೂರಿಸುತ್ತಾರೆ. ನಾವು ಮನುಷ್ಯರನ್ನು ಮಾತಾಡಿಸುವಾಗ ನೋಡುವುದು ಕಣ್ಣು ಮೂಗು ಬಾಯಿಯನ್ನು. ಹಣೆ, ನೆತ್ತಿ ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕಿಲ್ಲದ್ದು ಹಾಳೆಯ ಮೇಲೆ ಕುಗ್ಗುತ್ತದೆ, ಮುಖ್ಯವಾದದ್ದು ಹಿಗ್ಗುತ್ತದೆ. ಲೋಟದ ತಳದಲ್ಲಿ ಆದದ್ದೇ ಅಮ್ಮನ ಮುಖದಲ್ಲೂ ಆಗುತ್ತದೆ.

ನೆರಳಿನ ಅಭ್ಯಾಸಕ್ಕೆ ಸ್ಟೀಲ್ ಲೋಟ ಬೇಡ. ಅದರಲ್ಲಿ ಕಿಟಕಿ, ಬಲ್ಬು, ನಿಮ್ಮ ಅಂಗಿ ಎಲ್ಲ ಹೊಳೆದು ಗಲಿಬಿಲಿಯಾಗುತ್ತದೆ. ಒಂದು ಮಣ್ಣಿನ ಕುಡಿಕೆ ಅಥವಾ ಮೊಟ್ಟೆ ಒಳ್ಳೆಯದು. ಒಂದೇ ಕಡೆಯಿಂದ ಬೆಳಕು ಬೀಳುವಂತೆ ಕಿಟಕಿಯ ಪಕ್ಕ ಇಡಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರ ಮರೆಯಾಗಿ, ದೊಡ್ಡ ಬೆಳಕು ದೊಡ್ಡ ಕತ್ತಲೆ ಮಾತ್ರ ಉಳಿಯುತ್ತವೆ. ಮೊದಲು ಅವನ್ನು ಹಿಡಿಯಿರಿ. ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ 1857ರಲ್ಲಿ ಹೊಸಬರಿಗಾಗಿ ಬರೆದ ಪುಸ್ತಕದ ಮೊದಲ ಅಭ್ಯಾಸ, ಒಂದು ಚಿಕ್ಕ ಚೌಕವನ್ನು ಪೆನ್ನಿನ ಗೆರೆಗಳಿಂದ ಎಲ್ಲೂ ಮಚ್ಚೆಯಾಗದಂತೆ ಒಂದೇ ಸಮ ತುಂಬುವುದು. ಅದು ಮಾಡಲು ಕೂತಾಗಲೇ ಗೊತ್ತಾಗುವುದು, ಎಷ್ಟು ತಾಳ್ಮೆ ಬೇಕೆಂದು.

ಫೋನಿನಲ್ಲಿ ಫೋಟೋ ಇಟ್ಟುಕೊಂಡು ನಕಲು ಮಾಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಮಾಡಬಾರದೆಂದಿಲ್ಲ. ಆದರೆ ಕಲಿಯುವ ಮೊದಲ ದಿನಗಳಲ್ಲಿ ನಾನು ಬೇಡ ಎನ್ನುತ್ತೇನೆ. ಎದುರಿಗಿರುವ ಜಗತ್ತನ್ನು ಚಪ್ಪಟೆ ಹಾಳೆಯ ಮೇಲೆ ಇಳಿಸುವುದೇ ಚಿತ್ರದ ಕಷ್ಟ. ಆ ಕಷ್ಟವನ್ನು ಕ್ಯಾಮೆರಾ ಆಗಲೇ ಮುಗಿಸಿ ಕೊಟ್ಟಿರುತ್ತದೆ, ನಿಮ್ಮ ಕಣ್ಣಿಗೆ ಕಲಿಯಲು ಏನೂ ಉಳಿದಿರುವುದಿಲ್ಲ. ದೊಡ್ಡ ಕಲಾವಿದರ ಗೆರೆಚಿತ್ರಗಳನ್ನು ನಕಲು ಮಾಡಿ, ಅದು ಬೇರೆ ಮಾತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ಗೆರೆಗಳನ್ನು ನೋಡಿ. ಕುಣಿಯುವವರು, ಬಾರಿಸುವವರು, ಎಲ್ಲ ಕೆಲವೇ ಗೆರೆಗಳಲ್ಲಿ. ಲಯ ಎಂದರೇನೆಂದು ಮೈಯಿಂದಲೇ ತಿಳಿಯಬೇಕೆಂದು ಕಥಕ್ ಕಲಿತವರು ಅವರು. ಅವರ ಒಂದು ಗೆರೆಯನ್ನು ನಿಧಾನವಾಗಿ ಹಿಂಬಾಲಿಸಿದರೆ, ಎಲ್ಲಿ ಒತ್ತಿದರು, ಎಲ್ಲಿ ಸಡಿಲ ಬಿಟ್ಟರು, ಯಾವುದನ್ನು ಬರೆಯದೆ ಉಳಿಸಿದರು ಎಂಬುದು ಕೈಗೆ ಹತ್ತುತ್ತದೆ.

ಕೊನೆಗೆ, ಅಲುಗಾಡದ ಲೋಟ ಕುಡಿಕೆಗಳಿಂದ ಅಲುಗಾಡುವ ಲೋಕಕ್ಕೆ ಬರಬೇಕು. ಇದಕ್ಕೆ ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರಿಗಿಂತ ಒಳ್ಳೆಯ ದಾರಿ ನನಗೆ ಕಾಣದು. 1921ರಲ್ಲಿ ಹುಟ್ಟಿದ ಅವರು ಹುಡುಗರಾಗಿದ್ದಾಗ ತಮ್ಮ ಕೋಣೆಯ ಕಿಟಕಿಯಿಂದ ಕಂಡದ್ದನ್ನೆಲ್ಲ ಬರೆಯುತ್ತಿದ್ದರು. ಒಣಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಎದುರು ಮನೆಗಳ ಮೇಲೆ ಕೂತ ಕಾಗೆಗಳು. ಮುಂಬಯಿಯ ಜೆ. ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಕಾಗೆ ಬರೆಯುವುದನ್ನು ಅವರೂ ಜೀವನಪೂರ್ತಿ ಬಿಡಲಿಲ್ಲ.

ಕಾಗೆ ಬರೆಯುವುದು ಹೇಗೆಂದು ಹೇಳಿ ಮುಗಿಸುತ್ತೇನೆ. ಅದು ನಿಮಗಾಗಿ ಕೂರುವುದಿಲ್ಲ, ಕತ್ತು ತಿರುಗಿಸುತ್ತದೆ, ಕುಪ್ಪಳಿಸುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ನಾಲ್ಕೈದು ಕಾಗೆಗಳನ್ನು ಒಟ್ಟಿಗೆ ಶುರು ಮಾಡಿ. ಮೊದಲನೆಯದಕ್ಕೆ ಬೆನ್ನಿನ ಓರೆ ಎಳೆಯುವಷ್ಟರಲ್ಲಿ ಅದು ತಿರುಗಿತೇ? ಬಿಡಿ, ಪಕ್ಕದಲ್ಲಿ ಎರಡನೆಯದಕ್ಕೆ ಕೈ ಹಾಕಿ. ಮತ್ತೆ ಅಲುಗಾಡಿದರೆ ಮೂರನೆಯದು. ಹಕ್ಕಿಗಳು ಕೂರುವ ಭಂಗಿ ಕೆಲವೇ. ಸ್ವಲ್ಪ ಹೊತ್ತಿನಲ್ಲಿ ಅದು ಮೊದಲಿನ ಭಂಗಿಗೇ ಬರುತ್ತದೆ. ಆಗ ಮೊದಲನೆಯ ಚಿತ್ರಕ್ಕೆ ಮರಳಿ ಕೊಕ್ಕು ಸೇರಿಸಿ, ರೆಕ್ಕೆಯ ಮಡಿಕೆ ಸೇರಿಸಿ. ಹಾರಿಹೋದರೆ ಅರ್ಧಕ್ಕೇ ಬಿಟ್ಟುಬಿಡಿ, ನೆನಪಿನಿಂದ ಪೂರ್ತಿ ಮಾಡಬೇಡಿ. ನೆನಪಿನಿಂದ ತುಂಬಿದ ರೆಕ್ಕೆ ಮತ್ತೆ ಆ ನೇರ ತಳದ ಲೋಟದಂತೆಯೇ ಆಗುತ್ತದೆ. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ ಎತ್ತಿಡಿ, ಮಾರನೆಯ ದಿನ ಹೊಸ ಹಾಳೆ ತೆಗೆದುಕೊಳ್ಳಿ.